ನಮ್ಮ ಎಫ್‌ಟಿಪಿ ಸರ್ವರ್‌ಗೆ ಆಡಿಟ್‌ನವರು "ಡೈರೆಕ್ಟರಿ ಟ್ರಾವರ್ಸಲ್ – ಹೈ" ಅಂತ ಬರೆದಿದ್ದಾರೆ, ಎಷ್ಟು ತಲೆ ಕೆಡಿಸಿಕೊಳ್ಳಬೇಕು?

ಪೀಣ್ಯ_ಐಟಿ

ಎಲ್ಲರಿಗೂ ನಮಸ್ಕಾರ. ಪೀಣ್ಯ ಎರಡನೇ ಹಂತದ ಒಂದು ಟೂಲ್ ರೂಮ್‌ನಲ್ಲಿ ಐಟಿ ನೋಡ್ಕೊಳ್ತೀನಿ. ಐಟಿ ಅಂದ್ರೆ ಪ್ರಿಂಟರ್, ಬಯೋಮೆಟ್ರಿಕ್ ಹಾಜರಿ, ಸಿಸಿಟಿವಿ, ಎಲ್ಲಾ ನಾನೇ. ಗ್ರಾಹಕರು ಡೈ, ಫಿಕ್ಸ್ಚರ್ ಡ್ರಾಯಿಂಗ್‌ಗಳನ್ನ ನಮ್ಮ ಎಫ್‌ಟಿಪಿ ಸರ್ವರ್‌ಗೆ ಹಾಕ್ತಾರೆ, ನಾವು ಅಲ್ಲಿಂದ ಇಳಿಸ್ಕೋತೀವಿ. ಅದೊಂದು ವಿಂಡೋಸ್ ಪಿಸಿ. ಮೇಲೆ ಓಡ್ತಿರೋ ಎಫ್‌ಟಿಪಿ ಸಾಫ್ಟ್‌ವೇರ್ ನನಗಿಂತ ಮುಂಚೆ ಇದ್ದವರು ಹಾಕಿ ಹೋಗಿದ್ದು. ಅದೇ ಪಿಸಿಯ ಡಿ ಡ್ರೈವ್‌ನಲ್ಲಿ ಕಂಪನಿ ಲೆಕ್ಕಪತ್ರದ ಟ್ಯಾಲಿ ಡೇಟಾ ಕೂಡ ಇದೆ.

ಹೊರದೇಶದ ಒಬ್ಬ ಗ್ರಾಹಕರು ಸೆಕ್ಯೂರಿಟಿ ಆಡಿಟ್ ಮಾಡಿಸಿ ರಿಪೋರ್ಟ್ ಕಳಿಸಿದ್ದಾರೆ. ಮೊದಲನೇ ಸಾಲೇ ಕೆಂಪು ಬಣ್ಣದಲ್ಲಿ, ಡೈರೆಕ್ಟರಿ ಟ್ರಾವರ್ಸಲ್, ಹೈ. ಸಾಫ್ಟ್‌ವೇರ್ ಕೊಟ್ಟ ಡೀಲರ್‌ಗೆ ಫೋನ್ ಮಾಡಿದ್ರೆ "ಯೂಸರ್‌ನೇಮ್ ಪಾಸ್‌ವರ್ಡ್ ಇದೆಯಲ್ಲಾ ಸಾರ್, ಯಾರು ಬರ್ತಾರೆ ಒಳಗೆ" ಅಂತಾರೆ. ಓನರ್ ಕೇಳೋದು ಒಂದೇ ಪ್ರಶ್ನೆ: ಇದಕ್ಕೆ ದುಡ್ಡು ಹಾಕಬೇಕಾ, ಬೇಡ್ವಾ?

ಟರ್ಮಿನಲ್_ತಾತ

ನಿಮ್ಮ ಡೀಲರ್ ಲಾಗಿನ್ ಬಗ್ಗೆ ಹೇಳ್ತಿದ್ದಾರೆ, ಆಡಿಟ್‌ನವರು ಲಾಗಿನ್ ಆದ ಮೇಲೆ ಏನಾಗುತ್ತೆ ಅಂತ ಬರೆದಿದ್ದಾರೆ. ಗೇಟ್‌ನಲ್ಲಿ ಸೆಕ್ಯೂರಿಟಿ ಹೆಸರು ಬರೆಸಿಕೊಂಡು ಒಳಗೆ ಬಿಟ್ಟು, ಆಮೇಲೆ ಆ ಮನುಷ್ಯ ಯಾವ ಶೆಡ್‌ಗೆ ನುಗ್ಗಿದ ಅಂತ ಯಾರೂ ನೋಡದೇ ಇದ್ದಂಗೆ.

ಪ್ರತಿ ಫೋಲ್ಡರ್‌ನಲ್ಲೂ ಕಣ್ಣಿಗೆ ಬೀಳದ ಎರಡು ಹೆಸರು ಇರ್ತವೆ. ಒಂದು ಚುಕ್ಕಿ ಅಂದ್ರೆ ಇದೇ ಫೋಲ್ಡರ್, ಎರಡು ಚುಕ್ಕಿ ಅಂದ್ರೆ ಇದರ ಮೇಲಿನದು. ನಿಮ್ಮ ಗ್ರಾಹಕರಿಗೆ ಲಾಗಿನ್ ಆದ ತಕ್ಷಣ ಬರೀ "/" ಕಾಣುತ್ತೆ, ಅವರ ಪಾಲಿಗೆ ಅದೇ ಬುಡ. ಆದರೆ ಡಿಸ್ಕ್‌ನಲ್ಲಿ ಅದು ಡಿ ಡ್ರೈವ್, ಡ್ರಾಯಿಂಗ್ಸ್, ಗ್ರಾಹಕ1 ಅಂತ ಬುಡದಿಂದ ಎರಡು ಮೆಟ್ಟಿಲು ಕೆಳಗಿದೆ. ಅವರು "../../ಟ್ಯಾಲಿ" ಅಂತ ಕೇಳಿದರು ಅಂದ್ಕೊಳ್ಳಿ. ಸರ್ವರ್ ಇದನ್ನ ತನ್ನ ಬುಡದ ಪಾತ್‌ಗೆ ಅಂಟಿಸಿ ಸೀದಾ ವಿಂಡೋಸ್ ಕೈಗೆ ಕೊಟ್ಟರೆ, ವಿಂಡೋಸ್ ಎರಡು ಮೆಟ್ಟಿಲು ಹತ್ತಿ ಟ್ಯಾಲಿ ಫೋಲ್ಡರ್ ತೆಗೆದುಕೊಡುತ್ತೆ. ಡೈರೆಕ್ಟರಿ ಟ್ರಾವರ್ಸಲ್ ಅನ್ನೋದು ಇದಕ್ಕೇ. ವಿಂಡೋಸ್ ಪ್ರಕಾರ ತಪ್ಪೇನೂ ನಡೆದಿಲ್ಲ. ಕೇಳ್ತಿರೋದು ಎಫ್‌ಟಿಪಿ ಸರ್ವಿಸ್, ಆ ಸರ್ವಿಸ್‌ಗೆ ಓದೋ ಹಕ್ಕಿದೆ.

ಮೇಲಕ್ಕೆ ಹತ್ತೋದು ಎಫ್‌ಟಿಪಿಯಲ್ಲಿ ಅಪರಾಧವೇ ಅಲ್ಲ. ಎಫ್‌ಟಿಪಿಯ ನಿಯಮ ಬರೆದಿರೋ 1985ರ ಆರ್‌ಎಫ್‌ಸಿ 959 ಅನ್ನೋ ದಾಖಲೆಯಲ್ಲಿ ಮೇಲಿನ ಫೋಲ್ಡರ್‌ಗೆ ಹೋಗೋಕೆ ಅಂತಲೇ ಸಿಡಿಯುಪಿ ಅನ್ನೋ ಕಮಾಂಡ್ ಇದೆ. ಎಲ್ಲಿ ನಿಲ್ಲಿಸಬೇಕು ಅನ್ನೋದು ಸರ್ವರ್ ಬರೆದವನ ತಲೆನೋವು. ಅವನು ಫೋಲ್ಡರ್ ಬದಲಿಸೋ ಸಿಡಬ್ಲ್ಯೂಡಿ ಕಮಾಂಡ್‌ಗೆ ಬೇಲಿ ಹಾಕಿ, ಫೈಲ್ ಇಳಿಸೋ ಕಮಾಂಡ್‌ಗೋ ಹೆಸರು ಬದಲಿಸೋ ಕಮಾಂಡ್‌ಗೋ ಹಾಕೋದು ಮರೆತಿರ್ತಾನೆ. ಹಳೇ ಎಫ್‌ಟಿಪಿ ಸಾಫ್ಟ್‌ವೇರ್‌ಗಳ ಮೇಲೆ ಬಂದ ಎಚ್ಚರಿಕೆಗಳನ್ನ ತೆಗೆದು ನೋಡಿ, ಇದೇ ಕಥೆ ಮತ್ತೆ ಮತ್ತೆ.

ಈಗ ನೀವು ಹೇಳಿ: ಎಷ್ಟು ಗ್ರಾಹಕರಿಗೆ ಲಾಗಿನ್ ಕೊಟ್ಟಿದ್ದೀರಿ? ಅವರಲ್ಲಿ ಒಬ್ಬರಿಗೊಬ್ಬರು ಪೈಪೋಟಿಯವರು ಇದ್ದಾರಾ?

ಪೀಣ್ಯ_ಐಟಿ

ಅಯ್ಯೋ ತಾತ, ಇದ್ದಾರೆ. ಇಬ್ಬರು ಒಂದೇ ಥರದ ಆಟೋ ಪಾರ್ಟ್ಸ್ ಮಾಡೋರು. ಇಬ್ಬರ ಜೊತೆನೂ ಡ್ರಾಯಿಂಗ್ ಗೋಪ್ಯವಾಗಿಡ್ತೀವಿ ಅಂತ ಅಗ್ರಿಮೆಂಟ್ ಇದೆ. ಇನ್ನೊಂದು ಸಮಾಚಾರ, ಎಷ್ಟೋ ಜನಕ್ಕೆ ಒಂದೇ ಯೂಸರ್‌ನೇಮ್ ಕೊಟ್ಟಿದ್ದಾರೆ ಹಿಂದಿನವರು. ಕೊರಿಯರ್‌ನವನ ಹತ್ರನೂ ಇರಬಹುದು ಆ ಪಾಸ್‌ವರ್ಡ್.

ಸಖತ್_ಸಾಗರ್

ಗುರು ಇಷ್ಟೆಲ್ಲಾ ಯಾಕೆ. ಫೈರ್‌ವಾಲ್‌ನಲ್ಲಿ ಎರಡು ಚುಕ್ಕಿ ಒಂದು ಸ್ಲ್ಯಾಷ್ ಬಂದ್ರೆ ಬ್ಲಾಕ್ ಅಂತ ಒಂದು ರೂಲ್ ಹಾಕು, ಮುಗೀತು. ಕಾಫಿ ಕುಡಿ.

ಕೋಡ್_ರಿವ್ಯೂ_ಅಕ್ಕ

ಸಾಗರ್, ಇದೇ ಐಡಿಯಾ ಮಾಡಿ ಕೈ ಸುಟ್ಟುಕೊಂಡವರ ಸಾಲು ದೊಡ್ಡದಿದೆ. ನಾನು ಕೆಲಸಕ್ಕೆ ಇಂಥ ಕೋಡನ್ನೇ ಓದೋದರಿಂದ ಸ್ವಲ್ಪ ಉದ್ದ ಬರೀತೀನಿ.

ಜೂನ್ 2024ರಲ್ಲಿ ಸೋಲಾರ್‌ವಿಂಡ್ಸ್ ಕಂಪನಿಯ ಸರ್ವ್-ಯು ಅನ್ನೋ ಫೈಲ್ ಟ್ರಾನ್ಸ್‌ಫರ್ ಸರ್ವರ್‌ನಲ್ಲಿ ಒಂದು ತೂತು ಹೊರಬಂತು, ಸಿವಿಇ-2024-28995 (ಸಿವಿಇ ಅಂದ್ರೆ ಇಂಥ ತೂತುಗಳಿಗೆ ಕೊಡೋ ನಂಬರ್). ಡೀಲರ್ ಸಾಹೇಬರಿಗೆ ಮೊದಲು ಇದನ್ನ ಹೇಳಿ: ಆ ತೂತಿಗೆ ಲಾಗಿನ್ನೇ ಬೇಕಿರಲಿಲ್ಲ. ವೆಬ್ ಭಾಗಕ್ಕೆ ಒಂದು ಗೆಟ್ ರಿಕ್ವೆಸ್ಟ್ ಕಳಿಸಿದರೆ ಸರ್ವರ್‌ನ ಯಾವುದೋ ಫೈಲ್ ಕೈಗೆ ಬರ್ತಿತ್ತು.

ಅವರ ಕೋಡ್‌ನಲ್ಲೂ ಎರಡು ಚುಕ್ಕಿ ಹಿಡಿಯೋ ಪರೀಕ್ಷೆ ಇತ್ತು! ಆದರೆ ಅದು ಆಯಾ ಆಪರೇಟಿಂಗ್ ಸಿಸ್ಟಮ್‌ನ ಸ್ಲ್ಯಾಷ್ ಮಾತ್ರ ನೋಡ್ತಿತ್ತು. ವಿಂಡೋಸ್‌ನಲ್ಲಿ "..\" ಇದೆಯಾ, ಲಿನಕ್ಸ್‌ನಲ್ಲಿ "../" ಇದೆಯಾ, ಅಷ್ಟೇ. ಪರೀಕ್ಷೆ ಮುಗಿದ ಮೇಲೆ ಇನ್ನೊಂದು ಸಾಲು ಬಂದು ಆ ಸಿಸ್ಟಮ್‌ಗೆ ಹೊಂದದ ಸ್ಲ್ಯಾಷ್‌ಗಳನ್ನೆಲ್ಲ ಪಾಪ ಸರಿ ಮಾಡಿಕೊಡ್ತಿತ್ತು. ಅಂದ್ರೆ ವಿಂಡೋಸ್ ಸರ್ವರ್‌ಗೆ "../" ಕಳಿಸಿದ್ರೆ ಪರೀಕ್ಷೆ ಪಾಸ್, ಆಮೇಲೆ ಸರ್ವರ್ ತಾನೇ ಅದನ್ನ "..\" ಮಾಡಿಕೊಂಡು ಫೈಲ್ ತೆರೀತಿತ್ತು. ಲಿನಕ್ಸ್‌ಗೆ ಇದರ ತದ್ವಿರುದ್ಧ. ಆ ಎರಡು ಸಾಲುಗಳು ಜಾಗ ಬದಲಿಸಿದ್ದರೆ ಈ ಸಿವಿಇ ಹುಟ್ತಾನೇ ಇರಲಿಲ್ಲ. ವಿವರ ಹೊರಗೆ ಬಂದಿದ್ದೇ ತಡ, ಅದೇ ತಿಂಗಳು ಇಂಟರ್ನೆಟ್ ತುಂಬ ಪ್ರಯತ್ನ ಶುರುವಾಯ್ತು. ಜುಲೈನಲ್ಲಿ ಅಮೆರಿಕ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸಿಸಾ ತನ್ನ "ನಿಜಕ್ಕೂ ದುರ್ಬಳಕೆ ಆಗ್ತಿರೋ ತೂತುಗಳ" ಪಟ್ಟಿಗೆ ಸೇರಿಸಿತು.

ಫೈರ್‌ವಾಲ್ ರೂಲ್‌ಗೂ ಇದೇ ಗತಿ. ನೀವು "../" ಕಂಡಲ್ಲೆಲ್ಲ ಅಳಿಸಿದರೆ ಅವನು "....//" ಕಳಿಸ್ತಾನೆ. ನಡುವಿನದು ಅಳಿಸಿದ ಮೇಲೆ ಉಳಿಯೋದು ಮತ್ತೆ "../" ತಾನೇ? ವೆಬ್ ಮೂಲಕ ಬಂದ್ರೆ ಚುಕ್ಕಿಯನ್ನ ಶೇಕಡಾ ಚಿಹ್ನೆ ಹಾಕಿ ಕೋಡ್ ಮಾಡಬಹುದು, ಕೋಡ್ ಮಾಡಿದ್ದನ್ನ ಮತ್ತೆ ಕೋಡ್ ಮಾಡಬಹುದು. 2000ನೇ ಇಸವಿಯಲ್ಲಿ ಮೈಕ್ರೋಸಾಫ್ಟ್‌ನ ಐಐಎಸ್ ವೆಬ್ ಸರ್ವರ್‌ಗೆ ಸ್ಲ್ಯಾಷನ್ನ ಯುಟಿಎಫ್-8ರ (ಅಕ್ಷರಗಳನ್ನ ಬೈಟ್‌ಗಳಾಗಿ ಬರೆಯೋ ಪದ್ಧತಿ) ಅಡ್ಡಾದಿಡ್ಡಿ ರೂಪದಲ್ಲಿ ಬರೆದು ಕಳಿಸ್ತಿದ್ರು. ಪರೀಕ್ಷೆಗೆ ಅದು ಸ್ಲ್ಯಾಷ್ ಅನ್ನಿಸ್ತಿರಲಿಲ್ಲ, ಆಮೇಲೆ ಬಿಡಿಸಿದಾಗ ಸ್ಲ್ಯಾಷ್ ಆಗ್ತಿತ್ತು. ಪ್ಯಾಚ್ ಬಂದಿದ್ರೂ ಜನ ಹಾಕಿರಲಿಲ್ಲ, 2001ರ ಸೆಪ್ಟೆಂಬರ್‌ನಲ್ಲಿ ನಿಮ್ಡಾ ಹುಳು (ತಾನಾಗಿ ಹರಡೋ ವೈರಸ್) ಹರಡಿದ ದಾರಿಗಳಲ್ಲಿ ಇದೂ ಒಂದು. ಸರಿ, ಅದು ಹಳೇ ಕಾಲ ಅಂತೀರಾ? ಅಪಾಚಿ ವೆಬ್ ಸರ್ವರ್‌ನ 2.4.49ರಲ್ಲಿ ಇಂಥದ್ದೇ ತೂತು, ಅಕ್ಟೋಬರ್ 2021. ಸರಿಪಡಿಸೋಕೆ 2.4.50 ಬಿಟ್ರು. ಎರಡು ಸಲ ಕೋಡ್ ಮಾಡಿ ಕಳಿಸಿದ್ರೆ ಅದೂ ಲೀಕು. ಅದೇ ವಾರ 2.4.51 ಬಿಡಬೇಕಾಯ್ತು.

ಹಾಗಾಗಿ ಕೆಟ್ಟ ಅಕ್ಷರ ಹುಡುಕೋ ಆಟ ಆಡಬಾರದು. ಬಂದ ಹೆಸರನ್ನ ಕೊನೇ ರೂಪಕ್ಕೆ ತಂದು, ಅದು ನಿಜವಾಗಿ ಡಿಸ್ಕ್‌ನಲ್ಲಿ ಎಲ್ಲಿ ಹೋಗಿ ನಿಲ್ಲುತ್ತೆ ಅಂತ ಆಪರೇಟಿಂಗ್ ಸಿಸ್ಟಮ್‌ನ್ನೇ ಕೇಳಿ, ಆ ಉತ್ತರ ನಮ್ಮ ಫೋಲ್ಡರ್ ಒಳಗಿದೆಯಾ ನೋಡಬೇಕು. ಆಮೇಲೆ ಆ ಉತ್ತರವನ್ನೇ ಬಳಸಬೇಕು, ಮೂಲ ಹೆಸರನ್ನ ಮತ್ತೆ ಮುಟ್ಟಬಾರದು.

ಸಖತ್_ಸಾಗರ್

ಅಕ್ಕಾ ಶರಣು 🙏 ಕಾಫಿ ನಾನೇ ಕುಡೀತೀನಿ.

ಹುಬ್ಳಿ_ಹುಡುಗ_ವೈಟ್‌ಫೀಲ್ಡ್

ಅಲ್ರೀ, ಈ ಕಾಲದಾಗ ಎಫ್‌ಟಿಪಿ ಯಾಕ್ ಇಟ್ಕೊಂಡು ಕುಂತೀರಿ? ಎಸ್‌ಎಫ್‌ಟಿಪಿಗೆ (ಗೂಢಲಿಪಿಯಾಗ ಫೈಲ್ ಕಳಿಸೋದು) ಹೋಗ್ರಿ, ಎಲ್ಲಾ ಮುಗೀತೈತಿ. ಮೂವ್‌ಇಟ್ ಅನ್ನೋ ಫೈಲ್ ಟ್ರಾನ್ಸ್‌ಫರ್ ಸಾಫ್ಟ್‌ವೇರ್‌ನಾಗ ಕಳವು ಆತಲ್ಲ 2023ರಾಗ, ಅದೂ ಇದೇ ಟ್ರಾವರ್ಸಲ್ ಅಲ್ಲೇನು?

ಕೋಡ್_ರಿವ್ಯೂ_ಅಕ್ಕ

ಮೂವ್‌ಇಟ್ ಅಲ್ಲ ಅಣ್ಣ, ಅದು ಎಸ್‌ಕ್ಯೂಎಲ್ ಇಂಜೆಕ್ಷನ್ (ಡೇಟಾಬೇಸ್‌ಗೆ ಕಳ್ಳ ಕಮಾಂಡ್ ನುಗ್ಗಿಸೋದು), ಕ್ಲಾಪ್ ಅನ್ನೋ ಹ್ಯಾಕರ್ ಗುಂಪು ಬಳಸಿದ್ದು. ನೀವು ಹುಡುಕ್ತಿರೋದು ಡಬ್ಲ್ಯೂಎಸ್_ಎಫ್‌ಟಿಪಿ ಇರಬೇಕು. ಅದೂ ಪ್ರೋಗ್ರೆಸ್ ಕಂಪನಿಯದ್ದೇ, ಅದೇ ವರ್ಷ ಸೆಪ್ಟೆಂಬರ್, ಸಿವಿಇ-2023-42657. ಅದರಲ್ಲಿ ತಮಗೆ ಕೊಟ್ಟ ಫೋಲ್ಡರ್ ಹೊರಗಿನ ಫೈಲ್‌ಗಳನ್ನ ಅಳಿಸಬಹುದಿತ್ತು, ಹೆಸರು ಬದಲಿಸಬಹುದಿತ್ತು. ಟ್ರಾವರ್ಸಲ್ ಅಂದ್ರೆ ಬರೀ ಕದ್ದು ಓದೋದು ಅಂದುಕೊಂಡವರಿಗೆ ಇದು ನೆನಪಿರಲಿ. ಬರೆಯೋ ದಾರಿ ತೆರೆದಿದ್ರೆ ಇನ್ನೂ ಕೆಟ್ಟದ್ದು, ಸ್ಟಾರ್ಟಪ್ ಫೋಲ್ಡರ್‌ಗೆ ಒಂದು ಪ್ರೋಗ್ರಾಂ ಇಟ್ಟು ಹೋದರೆ ಮುಂದಿನ ಲಾಗಿನ್‌ಗೆ ಅದು ಓಡುತ್ತೆ.

ಎಸ್‌ಎಫ್‌ಟಿಪಿಗೆ ಹೋಗೋದು ಒಳ್ಳೇದೇ. ಪಾಸ್‌ವರ್ಡ್ ತಂತಿ ಮೇಲೆ ಬಯಲಾಗಿ ಹರಿಯೋದು ನಿಲ್ಲುತ್ತೆ. ಆದರೆ ಟ್ರಾವರ್ಸಲ್ ಬೇರೆ ವಿಷಯ. ಅದೇ ಎರಡು ಚುಕ್ಕಿ ಗೂಢಲಿಪಿಯಲ್ಲಿ ಬಂದು ಅದೇ ಫೈಲ್ ತೆಗೆದುಕೊಂಡು ಹೋಗುತ್ತೆ, ಅಷ್ಟೇ.

ಹುಬ್ಳಿ_ಹುಡುಗ_ವೈಟ್‌ಫೀಲ್ಡ್

ಹೌದ್ರಿ, ಖರೆ. ನಾ ಕಲಸಿಬಿಟ್ಟಿದ್ದೆ.

ಪೀಣ್ಯ_ಐಟಿ

ಈಗ ನಿಜವಾಗಿ ಹೆದರಿಕೆ ಆಯ್ತು. ಯಾರಾದ್ರೂ ಈಗಾಗ್ಲೇ ತೆಗೆದುಕೊಂಡು ಹೋಗಿದ್ರೆ? ಲಾಗ್ ಫೈಲ್‌ಗಳಿವೆ, ಆದರೆ ಏನು ನೋಡಬೇಕು ಗೊತ್ತಿಲ್ಲ. ಸರ್ವರ್ ಆಫ್ ಮಾಡಿಬಿಡಲಾ?

ರಾತ್ರಿಪಾಳಿ

ಆಫ್ ಮಾಡಬೇಡಿ, ಫಾರ್ಮ್ಯಾಟ್ ಅಂತೂ ಬೇಡವೇ ಬೇಡ. ಮೊದಲು ರೂಟರ್‌ನಲ್ಲಿ ಹೊರಗಿನಿಂದ ಎಫ್‌ಟಿಪಿಯ ಪೋರ್ಟ್ 21 ಮುಚ್ಚಿ, ಅದರ ಜೊತೆ ಫೈಲ್ ಹರಿಯೋ ಪ್ಯಾಸಿವ್ ಪೋರ್ಟ್‌ಗಳನ್ನೂ. ವೆಬ್ ಅಡ್ಮಿನ್ ಪುಟ ಹೊರಗೆ ಕಾಣ್ತಿದ್ರೆ ಅದನ್ನೂ. ಆಮೇಲೆ ಲಾಗ್‌ಗಳನ್ನ ಪೆನ್‌ಡ್ರೈವ್‌ಗೋ ಬೇರೆ ಮೆಷಿನ್‌ಗೋ ಕಾಪಿ ಮಾಡಿ, ಓದೋದು ಆ ಕಾಪಿಯಲ್ಲಿ.

ಓದುವಾಗ ಎರಡು ಚುಕ್ಕಿ ಬಂದ ಸಾಲುಗಳನ್ನೆಲ್ಲ ಹುಡುಕಿ. ಶೇಕಡಾ ಚಿಹ್ನೆ, ಉಲ್ಟಾ ಸ್ಲ್ಯಾಷ್, ಡ್ರೈವ್ ಅಕ್ಷರದ ಪಕ್ಕ ಕೋಲನ್ ಬಂದ ಸಾಲುಗಳನ್ನೂ. ಬರೀ ಚುಕ್ಕಿಯಿಂದ ಒಂದು ಡ್ರೈವ್‌ನಿಂದ ಇನ್ನೊಂದಕ್ಕೆ ಹಾರೋಕಾಗಲ್ಲ, ಆದರೆ ಡ್ರೈವ್ ಅಕ್ಷರದ ಸಮೇತ ಪೂರ್ತಿ ಪಾತ್ ಕೊಟ್ಟರೆ ಒಪ್ಪಿಕೊಳ್ಳೋ ಸರ್ವರ್‌ಗಳೂ ಇದ್ದವು. ಹಳೇ ವಿಂಡೋಸ್ 95, 98ರಲ್ಲಿ ಮೂರು ಚುಕ್ಕಿ ಹಾಕಿದ್ರೆ ಒಟ್ಟಿಗೆ ಎರಡು ಮೆಟ್ಟಿಲು ಹತ್ತುತ್ತಿತ್ತು, ಗೊತ್ತಾ? ಎರಡು ಚುಕ್ಕಿಗೆ ಬೇಲಿ ಹಾಕಿದವರು ಮೂರು ಚುಕ್ಕಿಯಲ್ಲಿ ಸಿಕ್ಕಿಬಿದ್ದರು. ನಿಮಗೆ ಅದು ಬೇಕಾಗಲ್ಲ, ಸುಮ್ಮನೆ ನೆನಪಾಯ್ತು.

ಸಾಲು ಸಿಕ್ಕ ತಕ್ಷಣ ಎದೆ ಹಿಡ್ಕೋಬೇಡಿ. ಅದರ ಮುಂದೆ ಸರ್ವರ್ ಏನು ಉತ್ತರ ಕೊಟ್ಟಿದೆ ನೋಡಿ. 550 ಅಂದ್ರೆ ಕೊಡಲ್ಲ ಅಂದಿದೆ. 150 ಬಂದು ಹಿಂದೆನೇ 226 ಬಂದಿದ್ರೆ ಫೈಲ್ ಪೂರ್ತಿ ಹೋಗಿದೆ ಅಂತ ಅರ್ಥ. ಸಿಡಬ್ಲ್ಯೂಡಿ ಮುಂದೆ 250 ಇದ್ರೆ ಆ ಫೋಲ್ಡರ್ ಒಳಗೆ ಕಾಲಿಟ್ಟಿದ್ದಾನೆ. ಪಬ್ಲಿಕ್ ಐಪಿ ಇದ್ದ ಮೇಲೆ ಸ್ಕ್ಯಾನರ್‌ಗಳು ತಟ್ಟಿ ಹೋಗೋದು ದಿನಾ ಇದ್ದದ್ದೇ, ಬಾಗಿಲು ತೆರೆದದ್ದು ಯಾವಾಗ ಅನ್ನೋದು ಮುಖ್ಯ.

ಇನ್ನೊಂದು. ಆ ಎಫ್‌ಟಿಪಿ ಸರ್ವಿಸ್ ಯಾವ ಅಕೌಂಟ್‌ನಲ್ಲಿ ಓಡ್ತಿದೆ? ಸರ್ವಿಸಸ್ ಪಟ್ಟಿ ತೆಗೆದು "ಲಾಗ್ ಆನ್ ಆಸ್" ಕಾಲಂ ನೋಡಿ ಹೇಳಿ.

ಪೀಣ್ಯ_ಐಟಿ

ಲೋಕಲ್ ಸಿಸ್ಟಮ್ ಅಂತ ಇದೆ.

ರಾತ್ರಿಪಾಳಿ

ನೆನೆಸಿದ್ದೇ ಆಯ್ತು. ವಿಂಡೋಸ್‌ನಲ್ಲಿ ಅದಕ್ಕಿಂತ ದೊಡ್ಡ ಅಕೌಂಟ್ ಇಲ್ಲ ಅಂತಾನೇ ಇಟ್ಕೊಳ್ಳಿ. ಸರ್ವರ್‌ನಲ್ಲಿ ತೂತಿದ್ರೂ, ಅದು ಡ್ರಾಯಿಂಗ್ಸ್ ಫೋಲ್ಡರ್ ಬಿಟ್ಟು ಬೇರೇನೂ ಓದಲಾಗದ ಒಂದು ಚಿಕ್ಕ ಅಕೌಂಟ್‌ನಲ್ಲಿ ಓಡ್ತಿದ್ರೆ ಟ್ಯಾಲಿ ಫೈಲ್ ಕೇಳಿದಾಗ ವಿಂಡೋಸೇ ಇಲ್ಲ ಅಂತಿತ್ತು. ಇವತ್ತೇ ಮಾಡಬಹುದಾದ ಕೆಲಸ ಇದು, ದುಡ್ಡೂ ಬೇಡ. ಆದರೆ ಗ್ರಾಹಕ1 ಗ್ರಾಹಕ2ರ ಫೋಲ್ಡರ್ ನೋಡೋದನ್ನ ಇದು ತಡೆಯಲ್ಲ, ಯಾಕಂದ್ರೆ ಇಬ್ಬರ ಪರವಾಗಿಯೂ ಓದೋದು ಅದೇ ಸರ್ವಿಸ್. ಅದಕ್ಕೆ ಸಾಫ್ಟ್‌ವೇರೇ ಬದಲಾಗಬೇಕು.

ಕಾನೂನು_ಕಟ್ಟೆ

ಲಾಗ್‌ನಲ್ಲಿ 226 ಸಿಕ್ಕಿತು ಅಂತಾದರೆ ಒಂದು ಮಾತು. ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ 28 ಏಪ್ರಿಲ್ 2022ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ಇಂಥ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ತಿಳಿಸಬೇಕು, ಲಾಗ್‌ಗಳನ್ನ 180 ದಿನ ಇಟ್ಟುಕೊಂಡಿರಬೇಕು. ಸಣ್ಣ ಉದ್ದಿಮೆಗಳಿಗೆ ಆಗ ಸೆಪ್ಟೆಂಬರ್ 25ರವರೆಗೆ ಕಾಲಾವಕಾಶ ಕೊಟ್ಟಿದ್ದರು, ವಿನಾಯಿತಿ ಅಲ್ಲ. ಗ್ರಾಹಕರ ಜೊತೆಗಿನ ಗೋಪ್ಯತಾ ಅಗ್ರಿಮೆಂಟ್‌ನಲ್ಲಿ ಎಷ್ಟು ದಿನದಲ್ಲಿ ತಿಳಿಸಬೇಕು ಅಂತ ಬೇರೆ ಇರುತ್ತೆ, ಓನರ್ ಹತ್ತಿರ ಆ ಪೇಪರ್ ತೆಗೆಸಿ ಓದಿ.

ಇಲ್ಲಿ ಓದ್ತಿರೋ ಹುಡುಗರಿಗೂ ಹೇಳ್ತೀನಿ. ನಿಮ್ಮದಲ್ಲದ ಸರ್ವರ್ ಮೇಲೆ "ಸುಮ್ನೆ ನೋಡೋಣ" ಅಂತ ಎರಡು ಚುಕ್ಕಿ ಹಾಕಬೇಡಿ. ಐಟಿ ಕಾಯ್ದೆಯ 43 ಮತ್ತು 66ನೇ ಕಲಂ ಸೇರಿದರೆ 3 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಕಲಿಯಬೇಕಾ, ಮನೆಯ ಲ್ಯಾಪ್‌ಟಾಪ್‌ನಲ್ಲಿ ಸರ್ವರ್ ಹಾಕ್ಕೊಂಡು ಕಲೀರಿ.

ಫೈನಲ್_ಇಯರ್_ಪುಟ್ಟಿ

ನಾನು ಪ್ರಾಜೆಕ್ಟ್‌ಗೆ ಪೈಥಾನ್‌ನಲ್ಲಿ ಫೈಲ್ ಸರ್ವರ್ ಬರೀತಿದ್ದೀನಿ, ಅಕ್ಕ ಹೇಳಿದ್ದು ಓದಿ ನನ್ನ ಕೋಡ್ ಸರಿ ಇದೆ ಅನ್ನಿಸ್ತು. ಬುಡದ ಪಾತ್‌ಗೆ ಯೂಸರ್ ಕೊಟ್ಟಿದ್ದನ್ನ ಜಾಯಿನ್ ಮಾಡಿ, ರಿಯಲ್‌ಪಾತ್ (ಡಿಸ್ಕ್‌ನಲ್ಲಿರೋ ನಿಜವಾದ ಪಾತ್) ತೆಗೆದು, ಅದು "/ಡೇಟಾ/ಗ್ರಾಹಕ1" ಇಂದ ಶುರುವಾಗುತ್ತಾ ಅಂತ ಸ್ಟಾರ್ಟ್ಸ್‌ವಿತ್ ಹಾಕಿ ನೋಡ್ತೀನಿ. ಸಾಕಲ್ವಾ?

ಕೋಡ್_ರಿವ್ಯೂ_ಅಕ್ಕ

ಮುಕ್ಕಾಲು ಸರಿ ಪುಟ್ಟಿ. "/ಡೇಟಾ/ಗ್ರಾಹಕ12/ಗುಟ್ಟು" ಅನ್ನೋದು ಯಾವುದರಿಂದ ಶುರುವಾಗುತ್ತೆ, ಜೋರಾಗಿ ಓದಿ ನೋಡು 😄 ಕೊನೆಗೆ ಸ್ಲ್ಯಾಷ್ ಸೇರಿಸಿ ಹೋಲಿಸು, ಇಲ್ಲಾ ಎರಡು ಪಾತ್‌ಗಳ ಸಮಾನ ಭಾಗ ಕೊಡೋ ಕಾಮನ್‌ಪಾತ್ ಬಳಸು.

ಜಾಯಿನ್‌ನಲ್ಲೂ ಒಂದು ವಿಚಿತ್ರ ಇದೆ. ಎರಡನೇ ಭಾಗ ಸ್ಲ್ಯಾಷ್‌ನಿಂದ ಶುರುವಾದರೆ ಪೈಥಾನ್ ಮೊದಲನೇ ಭಾಗವನ್ನ ಎತ್ತಿ ಬಿಸಾಕುತ್ತೆ. ಚುಕ್ಕಿಯೇ ಇಲ್ಲದೆ ಹೊರಗೆ ಹೋದಂಗಾಯ್ತು. ನೀನು ರಿಯಲ್‌ಪಾತ್ ಆದ ಮೇಲೆ ನೋಡ್ತಿರೋದರಿಂದ ಬಚಾವು, ಆದರೆ ಗೊತ್ತಿರಲಿ.

ರಿಯಲ್‌ಪಾತ್ ಸಿಂಬಾಲಿಕ್ ಲಿಂಕ್‌ಗಳನ್ನೂ (ಬೇರೆ ಜಾಗಕ್ಕೆ ಕೈತೋರಿಸೋ ಹೆಸರುಗಳು) ಬಿಡಿಸುತ್ತೆ, ಅದು ಒಳ್ಳೇದು. ಬರೀ ನಾರ್ಮ್‌ಪಾತ್ ಹಾಕಿದ್ದರೆ ಅದು ಡಿಸ್ಕ್ ಮುಟ್ಟೋದೇ ಇಲ್ಲ, ಅಕ್ಷರ ಮಾತ್ರ ಜೋಡಿಸುತ್ತೆ. ಯೂಸರ್‌ಗೆ ಲಿಂಕ್ ಮಾಡೋ ಅವಕಾಶ ಇದ್ದರೆ ಹೊರಗೆ ಹೋಗೋ ಲಿಂಕ್ ಇಟ್ಟು ಆರಾಮಾಗಿ ನಡೆದುಬಿಡ್ತಾನೆ. ಆದರೂ ನೀನು ನೋಡಿದ ಕ್ಷಣಕ್ಕೂ ಫೈಲ್ ತೆರೆಯೋ ಕ್ಷಣಕ್ಕೂ ನಡುವೆ ಲಿಂಕ್ ಬದಲಾಯಿಸೋ ಸಂದು ಉಳಿಯುತ್ತೆ. ಅದನ್ನ ಮುಚ್ಚಬೇಕಂದ್ರೆ ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್‌ಗೇ ಹೇಳಬೇಕು. ಲಿನಕ್ಸ್ 5.6ರಲ್ಲಿ, ಅಂದ್ರೆ 2020ರಲ್ಲಿ, ಓಪನ್‌ಎಟ್2 ಅನ್ನೋ ಸಿಸ್ಟಮ್ ಕಾಲ್ ಬಂತು. ಅದಕ್ಕೆ "ಈ ಫೋಲ್ಡರ್ ಕೆಳಗೇ ಇರಬೇಕು" ಅಂತ ಫ್ಲ್ಯಾಗ್ ಕೊಟ್ಟರೆ ದಾಟೋ ಪ್ರಯತ್ನ ಆದಲ್ಲೇ ಎರರ್. ಗೋ ಭಾಷೆಯಲ್ಲಿ ಬರೆಯೋದಾದರೆ 1.24ರಿಂದ ಓಎಸ್ ಪ್ಯಾಕೇಜ್‌ನಲ್ಲಿ ರೂಟ್ ಅಂತ ಇದೇ ಕೆಲಸಕ್ಕೆ ಸಿಗುತ್ತೆ.

ಜಿಪ್ ಅಪ್‌ಲೋಡ್ ತಗೊಂಡು ಬಿಚ್ತೀಯಾ? ಹಾಗಿದ್ರೆ ಒಳಗಿನ ಫೈಲ್ ಹೆಸರುಗಳಿಗೂ ಇದೇ ಪರೀಕ್ಷೆ. 2018ರಲ್ಲಿ ಜಿಪ್ ಸ್ಲಿಪ್ ಅಂತ ಗಲಾಟೆ ಆಗಿದ್ದು ಇದಕ್ಕೇ.

ಫೈನಲ್_ಇಯರ್_ಪುಟ್ಟಿ

ಗ್ರಾಹಕ12 😭 ಥ್ಯಾಂಕ್ಸ್ ಅಕ್ಕ. ವೈವಾದಲ್ಲಿ ಇದನ್ನೇ ಹೇಳಿ ಮಾರ್ಕ್ಸ್ ತಗೋತೀನಿ.

ಪೀಣ್ಯ_ಐಟಿ

ಅಪ್‌ಡೇಟ್. ಲಾಗ್ ಪೂರ್ತಿ ಓದಿದೆ. ಎರಡು ಚುಕ್ಕಿ ಪ್ರಯತ್ನಗಳು ಇವೆ, ಆಡಿಟ್‌ನವರ ಐಪಿ ಬಿಟ್ಟು ಉಳಿದವಕ್ಕೆಲ್ಲ 550. ಆಡಿಟ್‌ನವರಿಗೆ ಮಾತ್ರ 226, ಅವರು ಯಾವ ಫೈಲ್ ತೆಗೆದರು ಅಂತ ರಿಪೋರ್ಟ್‌ನಲ್ಲೂ ಇದೆ, ತಾಳೆ ಆಗ್ತಿದೆ. ಬೇರೆಯವರಿಗೆ ಯಾವ ಫೈಲೂ ಸಿಕ್ಕಿಲ್ಲ ಅನ್ಸುತ್ತೆ. ಆದರೆ ಲಾಗ್ ಇರೋದೇ ಹೋದ ದೀಪಾವಳಿಯಿಂದ ಈಚೆಗೆ, ಅದರ ಹಿಂದಿನದು ಸಾಫ್ಟ್‌ವೇರ್ ತಾನೇ ಅಳಿಸಿದೆ.

ಓನರ್‌ಗೆ ಟ್ಯಾಲಿ ವಿಷಯ ಹೇಳಿದ ಮೇಲೆ ಬೇರೇನೂ ಹೇಳಬೇಕಾಗಲಿಲ್ಲ. ಎಸ್‌ಪಿ ರೋಡ್‌ನಿಂದ ಒಂದು ರೀಫರ್ಬಿಶ್ಡ್ ಮೆಷಿನ್ ತಂದಿದ್ದೀವಿ, ಲಿನಕ್ಸ್ ಹಾಕಿ ಎಸ್‌ಎಫ್‌ಟಿಪಿ ಮಾಡೋಣ ಅಂತ. ಕೂಡಿಸೋದು ಹೇಗೆ, ಯಾವುದರಲ್ಲಿ ಎಡವಬಹುದು ಹೇಳಿ.

ಟರ್ಮಿನಲ್_ತಾತ

ಬೇರೆ ಸಾಫ್ಟ್‌ವೇರ್ ಕೊಳ್ಳಬೇಡಿ, ಎಸ್‌ಎಫ್‌ಟಿಪಿ ಕೊಡೋ ಓಪನ್‌ಎಸ್‌ಎಸ್‌ಎಚ್ ಲಿನಕ್ಸ್‌ನಲ್ಲೇ ಇರುತ್ತೆ. ಒಬ್ಬೊಬ್ಬ ಗ್ರಾಹಕರಿಗೂ ಬೇರೆ ಯೂಸರ್, ಎಲ್ಲರನ್ನೂ ಒಂದು ಗ್ರೂಪ್‌ಗೆ ಹಾಕಿ. ಕಾನ್ಫಿಗ್‌ನಲ್ಲಿ ಆ ಗ್ರೂಪ್‌ಗೆ ಕ್ರೂಟ್ ಡೈರೆಕ್ಟರಿ ಮತ್ತು ಇಂಟರ್ನಲ್-ಎಸ್‌ಎಫ್‌ಟಿಪಿ ಕಡ್ಡಾಯ ಮಾಡಿ, ಶೆಲ್ ಕೊಡಬೇಡಿ, ಪೋರ್ಟ್ ಫಾರ್ವರ್ಡಿಂಗ್ ಮುಚ್ಚಿ. ಕ್ರೂಟ್ ಆದ ಮೇಲೆ ಆ ಪ್ರೋಸೆಸ್ ಪಾಲಿಗೆ ಡಿಸ್ಕ್‌ನ ಬುಡವೇ ಆ ಫೋಲ್ಡರ್. ಎಷ್ಟು ಸಲ ಎರಡು ಚುಕ್ಕಿ ಹಾಕಿದ್ರೂ ಅಲ್ಲೇ ಸುತ್ತುತ್ತಾರೆ. ಮತ್ತೆ ಅಲ್ಲಿ ಫೈಲ್ ತೆರೆಯೋದು ಆಯಾ ಗ್ರಾಹಕರ ಯೂಸರ್ ಹೆಸರಿನಲ್ಲೇ, ಹಾಗಾಗಿ ಒಬ್ಬರ ಫೋಲ್ಡರ್ ಇನ್ನೊಬ್ಬರಿಗೆ ಪರ್ಮಿಷನ್‌ನಲ್ಲೂ ಸಿಗಲ್ಲ.

ಎಲ್ಲರೂ ಎಡವೋ ಜಾಗ ಇದು: ಕ್ರೂಟ್ ಫೋಲ್ಡರ್ ಮತ್ತು ಅದರ ಮೇಲಿನ ಎಲ್ಲ ಫೋಲ್ಡರ್‌ಗಳೂ ರೂಟ್ ಯೂಸರ್‌ನದ್ದೇ ಆಗಿರಬೇಕು, ಬೇರೆ ಯಾರಿಗೂ ಬರೆಯೋ ಹಕ್ಕು ಇರಬಾರದು. ಇಲ್ಲಾಂದ್ರೆ ಲಾಗಿನ್ ಆದ ಕೂಡಲೇ ಕನೆಕ್ಷನ್ ಕಡಿದುಹೋಗುತ್ತೆ, ಕಾರಣ ಲಾಗ್‌ನಲ್ಲಿ ಮಾತ್ರ ಬರೆದಿರುತ್ತೆ. ಆಗ ಜನ ಸಿಟ್ಟಿಗೆ 777 (ಎಲ್ಲರಿಗೂ ಎಲ್ಲ ಹಕ್ಕು) ಹೊಡೀತಾರೆ, ಇನ್ನೂ ಹಾಳಾಗುತ್ತೆ. ಒಳಗೆ "ಅಪ್‌ಲೋಡ್" ಅಂತ ಒಂದು ಉಪಫೋಲ್ಡರ್ ಮಾಡಿ ಅದನ್ನ ಗ್ರಾಹಕರ ಹೆಸರಿಗೆ ಬರೆಯಿರಿ.

ಪೀಣ್ಯ_ಐಟಿ

ಸರಿ ತಾತ. ಒಂದೇ ಒಂದು ಬಾಕಿ. ಶಾಪ್ ಫ್ಲೋರ್‌ನಲ್ಲಿರೋ ಹಳೇ ಸಿಎನ್‌ಸಿ ಮೆಷಿನ್‌ಗಳ ಕಂಟ್ರೋಲರ್‌ಗೆ ಎಫ್‌ಟಿಪಿ ಬಿಟ್ಟು ಬೇರೇನೂ ಬರಲ್ಲ. ಮೆಷಿನ್ ಹೇಗೆ ಚಲಿಸಬೇಕು ಅಂತ ಹೇಳೋ ಜಿ-ಕೋಡ್ ಪ್ರೋಗ್ರಾಂ ಅವು ಎಫ್‌ಟಿಪಿಯಲ್ಲೇ ಎಳ್ಕೋತವೆ. ಮೆಷಿನ್ ಬದಲಿಸೋ ಮಾತು ಎತ್ತಿದ್ರೆ ನನ್ನನ್ನೇ ಬದಲಿಸ್ತಾರೆ.

ರಾತ್ರಿಪಾಳಿ

ಹಾಗಿದ್ರೆ ಎಫ್‌ಟಿಪಿ ಉಳಿಸ್ಕೊಳ್ಳಿ, ಆದರೆ ಅದು ಆಫೀಸ್ ನೆಟ್‌ವರ್ಕ್‌ನಲ್ಲೂ ಇರಬಾರದು, ಇಂಟರ್ನೆಟ್‌ನಲ್ಲಂತೂ ಇಲ್ಲವೇ ಇಲ್ಲ. ಮೆಷಿನ್‌ಗಳಿಗೆ ಬೇರೆ ವಿಲ್ಯಾನ್ (ಸ್ವಿಚ್‌ನಲ್ಲೇ ಬೇರ್ಪಡಿಸಿದ ನೆಟ್‌ವರ್ಕ್), ಅದರೊಳಗೆ ಒಂದು ಪುಟ್ಟ ವಿಎಸ್‌ಎಫ್‌ಟಿಪಿಡಿ (ಲಿನಕ್ಸ್‌ನ ಎಫ್‌ಟಿಪಿ ಸರ್ವರ್) ಬಾಕ್ಸ್. ಗ್ರಾಹಕರ ಎಸ್‌ಎಫ್‌ಟಿಪಿ ಮೆಷಿನ್‌ನಿಂದ ಅಲ್ಲಿಗೆ ನೇರ ದಾರಿ ಬೇಡ. ಪ್ರೋಗ್ರಾಮರ್ ಡ್ರಾಯಿಂಗ್ ನೋಡಿ ಕ್ಯಾಮ್ ಸಾಫ್ಟ್‌ವೇರ್‌ನಲ್ಲಿ ಜಿ-ಕೋಡ್ ತೆಗೆದ ಮೇಲೆ ಅವರೇ ಆ ಬಾಕ್ಸ್‌ಗೆ ತಳ್ಳಲಿ. ಸಿಎನ್‌ಸಿಗೆ ಕೊಡೋ ಎಫ್‌ಟಿಪಿ ಅಕೌಂಟ್ ಓದೋಕೆ ಮಾತ್ರ. ಯಾರೋ ಹೊರಗಿನವನು ಪ್ರೋಗ್ರಾಂನಲ್ಲಿ ಒಂದು ಆಫ್‌ಸೆಟ್ ಬದಲಿಸಿದರೆ ಸ್ಪಿಂಡಲ್ ಹೋಗಿ ಜಾಬ್‌ಗೆ ಗುದ್ದುತ್ತೆ, ಆ ಖರ್ಚಿನ ಮುಂದೆ ಈ ಸ್ವಿಚ್ ಖರ್ಚು ಏನೂ ಅಲ್ಲ ಅಂತ ಓನರ್‌ಗೆ ಹೇಳಿ.

ವಿಎಸ್‌ಎಫ್‌ಟಿಪಿಡಿಯಲ್ಲಿ ಕ್ರೂಟ್ ಆನ್ ಮಾಡಿದಾಗ "ಬರೆಯಬಹುದಾದ ರೂಟ್ ಇದೆ, ಓಡಲ್ಲ" ಅನ್ನೋ ಅರ್ಥದ 500 ಎರರ್ ಬರಬಹುದು. ಗೂಗಲ್ ಮಾಡಿದ್ರೆ ಆ ಪರೀಕ್ಷೆಯನ್ನೇ ಆಫ್ ಮಾಡೋ ಸಾಲು ಮೊದಲು ಸಿಗುತ್ತೆ. ಅದನ್ನ ಹಾಕಬೇಡಿ, ಫೋಲ್ಡರ್‌ನ ಬರೆಯೋ ಹಕ್ಕು ತೆಗೀರಿ.

ಹುಬ್ಳಿ_ಹುಡುಗ_ವೈಟ್‌ಫೀಲ್ಡ್

ಮತ್ತ ಆ ಹಳೇ ವಿಂಡೋಸ್ ಪಿಸಿ ಏನ್ ಮಾಡ್ತೀರಿ? ಟ್ಯಾಲಿ ಅಲ್ಲೇ ಐತೇನು?

ಪೀಣ್ಯ_ಐಟಿ

ಎಫ್‌ಟಿಪಿ ಸಾಫ್ಟ್‌ವೇರ್ ತೆಗೆದೆ, ಪೋರ್ಟ್ ಮುಚ್ಚಿದೆ. ಟ್ಯಾಲಿ ಅಲ್ಲೇ ಇದೆ, ಅಕೌಂಟ್ಸ್ ಮೇಡಂ ಮುಟ್ಟೋಕೆ ಬಿಡ್ತಿಲ್ಲ, ಜಿಎಸ್‌ಟಿ ಫೈಲಿಂಗ್ ಮುಗೀಲಿ ಅಂತಾರೆ. ಡೀಲರ್ ಇವತ್ತು ಬೆಳಿಗ್ಗೆ ಫೋನ್ ಮಾಡಿ "ಹೊಸ ವರ್ಷನ್ ಬಂದಿದೆ ಸಾರ್, ಎಎಂಸಿ ಹಾಕ್ಸಿ" ಅಂದ್ರು. ಚುಕ್ಕಿ ಹಾಕಿದ್ರೆ ಏನಾಗುತ್ತೆ ಆ ವರ್ಷನ್‌ನಲ್ಲಿ ಅಂತ ಕೇಳಿದೆ, ಇಂಜಿನಿಯರ್ ಹತ್ರ ಕೇಳಿ ಹೇಳ್ತಾರಂತೆ.